ಹೊರೆಕಾಣಿಕೆಗೆ ಸಿಕ್ಕಿದ ಗರಗಸಗಳು

ಬಾಲ್ಕನಿಯಲ್ಲಿ ನೂರಾ ಹದಿನೇಳು ಕಲ್ಲುಗಳಿದ್ದೂ ಅವುಗಳಲ್ಲಿ ಒಂದರ ಹೊಟ್ಟೆಯೊಳಗಾದರೂ ಏನಿದೆಯೆಂದು ತಿಳಿಯದೆ ತಾನು ಕಣ್ಣು ಮುಚ್ಚಬೇಕಾಗುವುದೇನೋ ಎಂಬುದೇ ಮಧ್ವರಾಜ ಮಾಸ್ಟ್ರ ಬಾಳಿನ ದೊಡ್ಡ ಕೊರಗು. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಮಕ್ಕಳ ತಲೆಯೊಳಗೆ ಏನಿದೆಯೆಂದು ಅಷ್ಟೂ ವರ್ಷ ಪರೀಕ್ಷೆ ಮಾಡಿ (ಏನೂ ಇಲ್ಲವೆಂಬುದೇ ಹೆಚ್ಚಿನ ಸಲ ಬಂದ ಉತ್ತರ) ನಿವೃತ್ತರಾದ ಮೇಲೆ ಕಲ್ಲುಗಳ ಕಡೆಗೆ ತಿರುಗಿದ್ದರು.

ಇದು ಶುರುವಾದದ್ದು ಮೂರು ವರ್ಷದ ಹಿಂದೆ, ಪಂಢರಪುರದ ಯಾತ್ರೆಯಲ್ಲಿ. ಬಸ್ಸಿನಲ್ಲಿದ್ದ ಉಳಿದವರೆಲ್ಲ ಪ್ರಸಾದ, ತುಳಸಿಮಣಿ ಕಟ್ಟಿಕೊಂಡು ಬಂದರೆ ಮಾಸ್ಟ್ರು ದಾರಿಯ ಹೊಳೆಯೊಂದರಿಂದ ಬಟಾಟೆಯಂಥ ಹನ್ನೊಂದು ಕಲ್ಲು ಹೆಕ್ಕಿ ತಂದರು (ಉಳಿದ ನೂರಾ ಆರು ಆಮೇಲಿನ ಯಾತ್ರೆಗಳಲ್ಲಿ ಸೇರಿದ್ದು). ಮೊಬೈಲಿನಲ್ಲಿ ಹುಡುಕಿದಾಗ ಅವು ಅಗೇಟ್ ಎಂಬ ಜಾತಿಯವೆಂದು ಗೊತ್ತಾಯಿತು. ಹೊರಗೆ ಮಣ್ಣಿನ ಬಣ್ಣ; ಕೊಯ್ದರೆ ಒಳಗೆ ಕೆಂಪು, ಬಿಳಿ, ನೀಲಿ ಪಟ್ಟೆಗಳು; ಅದೃಷ್ಟವಿದ್ದರೆ ನಡುವೆ ಕಲ್ಲುಸಕ್ಕರೆಯಂತೆ ಮಿನುಗುವ ಹರಳುಗಳ ಗುಹೆ. ವಿಡಿಯೋದಲ್ಲಿ ಗಡ್ಡದವನೊಬ್ಬ ಕಲ್ಲನ್ನು ಬ್ರೆಡ್ಡಿನಂತೆ ಕೊಯ್ದು ಎರಡು ಹೋಳನ್ನು ಕ್ಯಾಮೆರಾದ ಮುಂದೆ ಹಿಡಿದಾಗ ಮಾಸ್ಟ್ರ ಕಣ್ಣಲ್ಲಿ ನೀರು ಬಂತು. ಮಗಳು ಶ್ರಾವಣಿಯನ್ನು ಗಂಡನ ಮನೆಗೆ ಕಳಿಸಿಕೊಡುವಾಗಲೂ ಬಾರದಿದ್ದ ನೀರು ಅದು. ಇದನ್ನು ಅವರ ಹೆಂಡತಿ ನೀರಜಾಕ್ಷಿ ಗಮನಿಸಿಕೊಂಡಿದ್ದರು.

"ಕಲ್ಲಿನೊಳಗೆ ಕಲ್ಲೇ ಇರ್ತದೆ. ಅದನ್ನು ನೋಡ್ಲಿಕ್ಕೆ ಇಷ್ಟು ಒದ್ದಾಟ ಎಂತಕ್ಕೆ?" ಎಂಬುದು ನೀರಜಾಕ್ಷಿಯವರ ವಾದ.

"ಹಾಗಾದ್ರೆ ಹಲಸಿನಹಣ್ಣನ್ನು ನೀನು ಎಂತಕ್ಕೆ ಕೊಯ್ಯುದು?"

"ಅದನ್ನು ತಿನ್ಲಿಕ್ಕೆ ಆಗ್ತದೆ. ನಿಮ್ಮ ಕಲ್ಲನ್ನು ಕೊಯ್ದು ಎಂತ, ಪಲ್ಯ ಮಾಡುದಾ?"

ಮಾಸ್ಟ್ರು ಒಮ್ಮೆ ಸುತ್ತಿಗೆಯಿಂದಲೂ ಪ್ರಯತ್ನಿಸಿದ್ದರು. ಏನೋ ಒಡೆದ ಸದ್ದು ಕೇಳಿ ಅವರ ಮುಖ ಅರಳಿತು. ಒಡೆದದ್ದು ಬಾಲ್ಕನಿಯ ಟೈಲ್ಸು. ಅಂದಿನಿಂದ ಸುತ್ತಿಗೆ ನೀರಜಾಕ್ಷಿಯವರ ಬೀರುವಿನಲ್ಲಿ, ಬಂಗಾರದ ಜೊತೆಗೆ, ಬೀಗದೊಳಗಿದೆ.

ಹೀಗೆ ಕೊರಗುತ್ತಿದ್ದವರಿಗೆ ಬೆಳಕು ತೋರಿಸಿದವನು ಗುಜರಿ ಅಂಗಡಿಯ ಝಿಯಾದ್. ಹಳೆಯ ಮೋಟರ್ ಏನಾದರೂ ಸಿಕ್ಕೀತೇ ಎಂದು ಕೇಳಲು ಹೋದಾಗ ಅವನು, "ಮಾಸ್ಟ್ರೆ, ನಿಮಗೆ ಬೇಕಾದದ್ದು ಕಂಕನಾಡಿಯಲ್ಲಿ ಜೆಸ್ಸಿ ಬಾಯಿಯ ಶೆಡ್ಡಿನಲ್ಲಿ ಉಂಟು. ಕಲ್ಲು ಕೊಯ್ಯುವ ಗರಗಸ, ಒಂದಲ್ಲ ಎರಡು. ಶನಿವಾರ ಎರಡು ಗಂಟೆಗೆ ನಾನು ಹೋಗಿ ತುಂಡು ಮಾಡಿ ತೂಕಕ್ಕೆ ತರುವವ. ಅದರ ಮೊದಲು ನೀವು ಎತ್ತಿದ್ರೆ ನಿಮಗೆ," ಎಂದ.

ಜೆಸ್ಸಿ ಬಾಯಿಯ ಗಂಡ ಮಸ್ಕತ್ತಿನಲ್ಲಿದ್ದಾಗ ಮಾಸ್ಟ್ರದೇ ರೋಗ ಹಿಡಿಸಿಕೊಂಡವರು. ಊರಿಗೆ ಬರುವಾಗ ಉಳಿದವರು ಟಿವಿ, ಕಂಬಳಿ ತಂದರೆ ಇವರು ಹಡಗಿನಲ್ಲಿ ಎರಡು ಗರಗಸ ತರಿಸಿದರು. ಈಗ ಡಾಕ್ಟರು ಧೂಳು ಬೇಡವೆಂದ ಮೇಲೆ ಬಣ್ಣದ ಮೀನು ಸಾಕುತ್ತಿದ್ದಾರೆ. ಜೆಸ್ಸಿ ಬಾಯಿಗೆ ಕೇಕು ಮಾಡಲು ಆ ಶೆಡ್ಡು ಬೇಕಾಗಿತ್ತು.

"ಕ್ರಯ ಎಂತದ್ದೂ ಬೇಡ ಮಾಸ್ಟ್ರೆ. ಇಲ್ಲಿಂದ ಹೋದ್ರೆ ಸಾಕು. ಸೋಮವಾರ ಓವನ್ ಬರ್ತದೆ ನಂಗೆ," ಎಂದು ಬಾಗಿಲು ತೆರೆದರು.

ಮಾಸ್ಟ್ರು ಒಳಗೆ ನೋಡಿ ಚಪ್ಪಲಿ ಕಳಚಿದರು. ದೊಡ್ಡದು ಮದುವೆಮನೆಯ ಐಸ್‌ಕ್ರೀಮ್ ಪೆಟ್ಟಿಗೆಯಷ್ಟು ದೊಡ್ಡ ಕಬ್ಬಿಣದ ತೊಟ್ಟಿ. ಮುಚ್ಚಳ ಎತ್ತಿದರೆ ಒಳಗೆ ಎರಡಡಿ ಅಗಲದ ಉಕ್ಕಿನ ಚಕ್ರ, ಅದರ ಅಂಚಿಗೆ ವಜ್ರದ ಪುಡಿ. ಸಣ್ಣದು ಅದೇ ರೂಪ, ಹೊಲಿಗೆ ಮಿಷನಿನ ಗಾತ್ರ. ದೊಡ್ಡದು ಇನ್ನೂರ ಅರುವತ್ತು ಕಿಲೋ, ಸಣ್ಣದು ಎಂಬತ್ತು. ಮಾಸ್ಟ್ರು ತೊಟ್ಟಿಯ ಮೇಲೆ ಕೈಯಾಡಿಸಿ ಅಣ್ಣ, ತಮ್ಮ ಎಂದು ಅಲ್ಲೇ ನಾಮಕರಣ ಮಾಡಿದರು.

ಇನ್ನು ಉಳಿದದ್ದು ಇವನ್ನು ಕಂಕನಾಡಿಯಿಂದ ಕೊಡಿಯಾಲ್‌ಬೈಲಿನ ಮೂರನೇ ಮಹಡಿಗೆ ತರುವುದು, ಅದೂ ನೀರಜಾಕ್ಷಿಯವರಿಗೆ ತಿಳಿಯದಂತೆ. (ಅವರಿಗೆ "ಒಂದು ಸಣ್ಣ ಮಿಷನ್ ತರ್ತೇನೆ, ಮಿಕ್ಸಿಗಿಂತ ಸ್ವಲ್ಪ ದೊಡ್ಡದು" ಎಂದು ಹೇಳಲಾಗಿತ್ತು. ಗಣಿತದವರು ಸುಳ್ಳು ಹೇಳುವುದಿಲ್ಲ. ಸ್ವಲ್ಪ ಎಂದರೆ ಎಷ್ಟೆಂದು ಅವರು ಹೇಳಿರಲಿಲ್ಲ.) ಒಮ್ಮೆ ಬಾಲ್ಕನಿಯಲ್ಲಿ ಕೂತರೆ ಮತ್ತೆ ಅದನ್ನು ಎತ್ತಿ ಎಸೆಯಲು ಯಾವ ಹೆಂಡತಿಗೂ ಸಾಧ್ಯವಿಲ್ಲ ಎಂಬುದು ಲೆಕ್ಕಾಚಾರ. ಇದಕ್ಕೆ ತಕ್ಕ ದಿನವೂ ಶನಿವಾರವೇ. ನೀರಜಾಕ್ಷಿಯವರ ತಮ್ಮ ಮುಕುಂದ ಕೊಟ್ಟಾರದಾಚೆಯ ಪಡುಕೋಡಿ ಗೋಪಾಲಕೃಷ್ಣ ದೇವಸ್ಥಾನದ ಅರ್ಚಕ. ಅಲ್ಲಿ ಬ್ರಹ್ಮಕಲಶೋತ್ಸವದ ಗೌಜಿ. ಹತ್ತು ಸಾವಿರ ಜನರ ಊಟಕ್ಕೆ ತರಕಾರಿ ಹೆಚ್ಚಲು ಮಹಿಳಾ ಸಮಿತಿಯೊಂದಿಗೆ ನೀರಜಾಕ್ಷಿ ಶನಿವಾರ ಬೆಳಿಗ್ಗೆಯೇ ಮೆಟ್ಟುಕತ್ತಿ ಹಿಡಿದು ಹೊರಡುವವರಿದ್ದರು.

ಸಾಗಾಟದ ಜವಾಬ್ದಾರಿಯನ್ನು ಒಂದನೇ ಮಹಡಿಯ ದೇವದಾಸ್ ವಹಿಸಿಕೊಂಡರು. ಅವರ ಮನೆತನವೇ ಕಡಲಿಗೆ ಇಳಿದವರದ್ದು. ಬಂದರಿನ ದಕ್ಕೆಯಲ್ಲಿ ಬೋಟಿನ ಇಂಜಿನ್ ಇಳಿಸಿ ಏರಿಸಿ ಕೈ ಪಳಗಿದವರು, ಮೀನು ಸಾಗಿಸುವ ಸ್ವಂತ ಟೆಂಪೋ ಬೇರೆ. ಶೆಡ್ಡಿಗೆ ಬಂದು ಅಣ್ಣನ ಒಂದು ಮೂಲೆ ಎತ್ತಿ ನೋಡಿ ಕೆಳಗಿಟ್ಟರು.

"ಇದು ಮಿಷನ್ ಅಲ್ಲ ಮಾಸ್ಟ್ರೆ, ಲಂಗರು. ಲಿಫ್ಟಿಗೆ ಹೋಗ್ತದಾ?"

"ಲಿಫ್ಟಿನ ಬಾಗಿಲಿಗಿಂತ ಎರಡು ಇಂಚು ಅಗಲ ಉಂಟು."

"ಮತ್ತೆ?"

"ಬಾಲ್ಕನಿಗೆ ಕಪ್ಪಿ ಕಟ್ಟಿ ಹೊರಗಿನಿಂದ ಎಳೆಯುದು. ನಾನು ಲೆಕ್ಕ ಮಾಡಿದ್ದೇನೆ. ನಾಲ್ಕು ಕಪ್ಪಿ ಹಾಕಿದ್ರೆ ಅರುವತ್ತೈದು ಕಿಲೋ ಎಳೆದಷ್ಟೇ ಆಗ್ತದೆ."

"ನೀವು ಲೆಕ್ಕ ಮಾಡಿದ್ದೀರಿ. ಬಾಲ್ಕನಿಯನ್ನು ಕೇಳಿದ್ದೀರಾ?" ಎಂದರು ದೇವದಾಸ್. ಆದರೂ ಹಗ್ಗ, ಕಪ್ಪಿ ಎಲ್ಲ ಟೆಂಪೋಗೆ ಹಾಕಿಕೊಂಡರು, ಒಳ್ಳೆಯ ಮನುಷ್ಯ.

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ದಕ್ಕೆಯಿಂದ ನಾಲ್ಕು ಜನ ಬಂದು, ಮರದ ದಿಮ್ಮಿಯಿಟ್ಟು, "ಓ ಬೇಲೆ ಐಸಾ" ಎಂದು ಕೂಗಿ ಅಣ್ಣ ತಮ್ಮಂದಿರನ್ನು ಟೆಂಪೋಗೆ ಏರಿಸಿ ಚಾ ಕುಡಿದು ಹೋದರು. ಆದರೆ ಮಾಸ್ಟ್ರು ಮನೆತನದ ಪದ್ಧತಿ ಮರೆತಿರಲಿಲ್ಲ. ಅವರ ಮನೆಯಲ್ಲಿ ಪೂಜೆಯಾಗದೆ ಮಿಕ್ಸಿಯೂ ತಿರುಗಿದ್ದಿಲ್ಲ. ಆಯುಧಪೂಜೆಗೆ ಕ್ಯಾಲ್ಕುಲೇಟರಿಗೂ ಕುಂಕುಮ ಬೀಳುತ್ತಿತ್ತು. ಮೂರು ವರ್ಷ ಕಾದು ಸಿಕ್ಕಿದ ಗರಗಸಗಳನ್ನು ಹಾಗೇ ಕೊಂಡೊಯ್ಯುವುದುಂಟೇ? ಮಾಸ್ಟ್ರು ಪಂಚೆಯುಟ್ಟು, ಶಲ್ಯ ಹೊದ್ದು, ನಾಮ ಮುದ್ರೆ ಹಚ್ಚಿಕೊಂಡೇ ಬಂದಿದ್ದರು. ಎರಡಕ್ಕೂ ಸೇವಂತಿಗೆಯ ಮಾಲೆ ಹಾಕಿ, ಅರಸಿನ ಕುಂಕುಮ ಹಚ್ಚಿ, ಕಾಯಿ ಒಡೆದರು. ಟೆಂಪೋದಲ್ಲಿ ನಿನ್ನೆಯ ಬಂಗುಡೆಯ ಪರಿಮಳ ಇನ್ನೂ ಉಳಿದಿದ್ದರಿಂದ ದೇವದಾಸ್ ನಾಲ್ಕು ಕಟ್ಟು ಊದುಬತ್ತಿ ಹಚ್ಚಿ ನಾಲ್ಕು ಮೂಲೆಗೆ ಸಿಕ್ಕಿಸಿದರು. ಬರಿಗೈಯಲ್ಲಿ ಕಳಿಸಬಾರದೆಂದು ಜೆಸ್ಸಿ ಬಾಯಿ, "ನೀರಜಕ್ಕನಿಗೆ ಕೊಡಿ" ಎಂದು ಹಿತ್ತಲಿನ ಒಂದು ಬಾಳೆಗೊನೆ, ಹತ್ತು ತೆಂಗಿನಕಾಯಿಗಳನ್ನು ಹೇರಿಸಿದರು. ಮಿಷನ್ ಅಲುಗದಂತೆ ಮಾಸ್ಟ್ರು ಹಿಂದೆ, ಅಣ್ಣ ತಮ್ಮಂದಿರ ನಡುವೆ, ಬಾಳೆಗೊನೆ ಹಿಡಿದು ಕೂತರು. ದೇವದಾಸ್ ಟೆಂಪೋ ಹೊರಡಿಸಿದರು.

ತರಕಾರಿ ಹೆಚ್ಚಲು ಹೆಂಡತಿ ಹೋಗುವ ದಿನವೇ, ಆ ತರಕಾರಿಯನ್ನು ಭಕ್ತರು ದೇವಸ್ಥಾನಕ್ಕೆ ಒಪ್ಪಿಸುವ ಹೊರೆಕಾಣಿಕೆಯ ಮೆರವಣಿಗೆ ಕಂಕನಾಡಿಯಿಂದ ಹೊರಡುವ ದಿನವೂ ಆಗಿರುತ್ತದೆ ಎಂಬುದು ಮಾಸ್ಟ್ರ ತಲೆಗೆ ಹೊಳೆದಿರಲಿಲ್ಲ. ಮುಖ್ಯರಸ್ತೆಗೆ ಬಂದು ನೋಡಿದರೆ ಎದುರಿಗೆ ಅಕ್ಕಿಮೂಟೆಯ ಲಾರಿ, ಬೆಲ್ಲದ ಜೀಪು, ಸುವರ್ಣಗಡ್ಡೆಯ ಟ್ರ್ಯಾಕ್ಟರು, ಕುಂಬಳಕಾಯಿ ತುಂಬಿದ ಪಿಕಪ್ಪು, ಎಲ್ಲಕ್ಕೂ ಸೇವಂತಿಗೆ ಮಾಲೆ, ಎಲ್ಲದರ ಮೇಲೂ ಶಲ್ಯ ಹೊದ್ದ ಒಬ್ಬೊಬ್ಬ ಹಿರಿಯರು. ಟ್ರಾಫಿಕ್ಕಿನವನು ಇವರ ಟೆಂಪೋ ನೋಡಿದ. ಬಾಳೆಗೊನೆ ನೋಡಿದ, ಊದುಬತ್ತಿ ನೋಡಿದ, ಮಾಸ್ಟ್ರ ನಾಮ ನೋಡಿದ. ಮತ್ತೆ ಎಂತ ನೋಡಲಿಕ್ಕಿದೆ? ಸೀಟಿ ಊದಿ, "ಹೊರೆಕಾಣಿಕೆ ಗಾಡಿಗಳೆಲ್ಲ ಲೈನಿಗೆ!" ಎಂದು ಕುಂಬಳಕಾಯಿಯ ಹಿಂದೆ ನಿಲ್ಲಿಸಿದ.

"ನಮ್ಮದು ಅಲ್ಲ ಮಾರಾಯ್ರೆ!" ಎಂದು ದೇವದಾಸ್ ಕೂಗಿದರು. ಅದೇ ಗಳಿಗೆಗೆ ಮುಂದೆ ನಾಸಿಕ್ ಬ್ಯಾಂಡು, ಹಿಂದೆ ಚೆಂಡೆ ಒಟ್ಟಿಗೆ ಶುರುವಾದವು. ತಾನು ಹೇಳಿದ್ದು ತನಗೇ ಕೇಳಲಿಲ್ಲವೆಂದು ದೇವದಾಸ್ ಆಮೇಲೆ ಎಷ್ಟೋ ಸಲ ಆಣೆ ಹಾಕಿ ಹೇಳಿದ್ದಾರೆ.

ಗಾಡಿಗಳು ಮದುಮಗಳ ನಡಿಗೆಯಲ್ಲಿ ಸಾಗಿದವು. ರಸ್ತೆಯ ಎರಡೂ ಬದಿಯಲ್ಲಿ ಜನ ಕೈಮುಗಿದರು. ಮುಗಿದವರಿಗೆ ತಿರುಗಿ ಮುಗಿಯದಿದ್ದರೆ ಸೊಕ್ಕು ಎನ್ನುತ್ತಾರೆಂದು ಮಾಸ್ಟ್ರೂ ಮುಗಿದರು. ಒಬ್ಬ ಹೆಂಗಸು ಓಡಿ ಬಂದು ಪಾನಕ ಕೊಟ್ಟಳು. ಇನ್ನೊಬ್ಬರು ಮಗುವನ್ನು ಎತ್ತಿ ಹಿಡಿದು ಅಣ್ಣನ ತೊಟ್ಟಿಗೆ ಹಣೆ ಮುಟ್ಟಿಸಿದರು. ಬಿಸಿಲಿಗೆ ಬೆವರಿಳಿಸುತ್ತ, ಕೊಡಿಯಾಲ್‌ಬೈಲು ಬಂದ ಕೂಡಲೇ ಎಡಕ್ಕೆ ತಿರುಗಿ ತಪ್ಪಿಸಿಕೊಳ್ಳುವುದೆಂದು ಮಾಸ್ಟ್ರು ಕಾದರು. ಕೊಡಿಯಾಲ್‌ಬೈಲು ಬಂತು. ಅವರ ಅಪಾರ್ಟ್‌ಮೆಂಟಿನ ಗೇಟೂ ಬಂತು. ಆದರೆ ಗೇಟಿನ ಎದುರು ಕುಣಿತ ಭಜನೆಯ ಅರುವತ್ತು ಜನ ತಾಳ ಹಿಡಿದು ಎರಡು ಸಾಲಿನಲ್ಲಿ ಕುಣಿಯುತ್ತಿದ್ದರು. ಮೂರನೇ ಮಹಡಿಯಲ್ಲಿ ತನ್ನ ಬಾಲ್ಕನಿ, ಬಾಲ್ಕನಿಯಲ್ಲಿ ತನ್ನ ಕಲ್ಲುಗಳು, ಕೆಳಗೆ ತನ್ನ ಗರಗಸಗಳು. ನಡುವೆ ಬರೇ ಮೂವತ್ತಾರಡಿ. ಸ್ವಂತ ಮನೆಗೆ ಕೈಮುಗಿದು ಮಾಸ್ಟ್ರು ಮುಂದೆ ಸಾಗಿದರು.

ದೇವಸ್ಥಾನದ ಉಗ್ರಾಣದ ಎದುರು ಗಾಡಿ ನಿಲ್ಲುವುದೇ ತಡ, ಇಪ್ಪತ್ತು ಸ್ವಯಂಸೇವಕರು ಮುತ್ತಿಕೊಂಡರು. ಅವರ ಮುಖಂಡ ದೀಕ್ಷಿತ್, ಕುತ್ತಿಗೆಗೆ ಕೇಸರಿ ಶಾಲು, ಕೈಯಲ್ಲಿ ಮೈಕು. ತೊಟ್ಟಿಯ ಮುಚ್ಚಳ ಎತ್ತಿ ಒಳಗಿನ ಚಕ್ರ ನೋಡಿದ್ದೇ ಅವನ ಕಣ್ಣು ಅಗಲವಾಯಿತು.

"ಮಾಸ್ಟ್ರೆ! ಕಟ್ಟಿಂಗ್ ಮಿಷನ್ ಅಲ್ವಾ ಇದು?"

"ಹೌದು... ಆದ್ರೆ ದೀಕ್ಷಿತ್, ಇದು—"

ಆದರೆ ದೀಕ್ಷಿತ್‌ನ ಮೈಕು ಆಗಲೇ ತೆರೆದಿತ್ತು. "ಭಕ್ತಮಹಾಶಯರೇ! ಕೊಡಿಯಾಲ್‌ಬೈಲಿನ ಶ್ರೀ ಮಧ್ವರಾಜ ರಾಯರು ಮತ್ತು ಮನೆಯವರು ದೇವರ ಅಡುಗೆಶಾಲೆಗೆ ಬೃಹತ್ತಾದ ಎರಡು ತರಕಾರಿ ಕತ್ತರಿಸುವ ಯಂತ್ರಗಳನ್ನು ಸಮರ್ಪಿಸಿದ್ದಾರೆ! ದೊಡ್ಡದು ಕುಂಬಳಕಾಯಿಗೆ, ಸಣ್ಣದು ತೊಂಡೆಕಾಯಿಗೆ!"

ಉಗ್ರಾಣದ ಒಳಗೆ ತೊಂಡೆಕಾಯಿಯ ರಾಶಿಯ ಮುಂದೆ ಕೂತಿದ್ದ ನೀರಜಾಕ್ಷಿಯವರು ಮೆಟ್ಟುಕತ್ತಿ ಬಿಟ್ಟೆದ್ದು ಬಂದರು. ಬೆಳಿಗ್ಗೆಯಿಂದ ಹೆಚ್ಚಿ ಬೆರಳುಗಳು ಕಪ್ಪಾಗಿದ್ದವು. ಮಾಲೆ ಹಾಕಿದ ಯಂತ್ರಗಳನ್ನು ನೋಡಿದರು, ನಾಮ ಹಚ್ಚಿದ ಗಂಡನನ್ನು ನೋಡಿದರು.

"ಸಣ್ಣ ಮಿಷನ್, ಸಣ್ಣ ಮಿಷನ್ ಅಂತ ಹೇಳ್ತಾ ಇದ್ದದ್ದು ಇದಾ? ನಾನು ಬೆರಳು ನೋವು ಅಂದದ್ದನ್ನು ಕೇಳಿಸಿಕೊಂಡಿದ್ರಾ ನೀವು? ಮೂರು ವರ್ಷದಿಂದ ಎಂತೆಂತ ಬೈದೆ ನಿಮಗೆ!"

ಮದುವೆಯಾಗಿ ಮೂವತ್ತೆರಡು ವರ್ಷಗಳಲ್ಲಿ ನೀರಜಾಕ್ಷಿ ನಾಲ್ಕು ಜನರ ಎದುರು ಗಂಡನನ್ನು ಹೀಗೆ ನೋಡಿದ್ದು ಇದೇ ಮೊದಲು. ನಿಜ ಹೇಳಲು ಬಾಯಿ ತೆರೆದ ಮಾಸ್ಟ್ರಿಂದ ಹೊರಬಂದದ್ದು "ಹ್ಞೂಂ" ಎಂಬ ಒಂದೇ ಅಕ್ಷರ. ಅಷ್ಟರಲ್ಲಿ ಅವರಿಗೆ ಶಾಲು ಹೊದಿಸಲಾಯಿತು, ಕೈಗೆ ಹಣ್ಣಿನ ತಟ್ಟೆ ಬಂತು, ಫೋಟೋ ತೆಗೆಯಲಾಯಿತು. (ಆ ಫೋಟೋ ಈಗಲೂ ಹಾಲಿನ ಗೋಡೆಯಲ್ಲಿದೆ. ನೀರಜಾಕ್ಷಿಯವರು ನಗುತ್ತಿದ್ದಾರೆ. ಮಾಸ್ಟ್ರ ಮುಖ ಬಸ್ಸು ತಪ್ಪಿಸಿಕೊಂಡವರ ಮುಖ.)

ಸಂದಿ ಸಿಕ್ಕಿದ ಕೂಡಲೇ ಮಾಸ್ಟ್ರು ಮುಕುಂದನನ್ನು ಉಗ್ರಾಣದ ಹಿಂದೆ, ತೆಂಗಿನ ಸಿಪ್ಪೆಯ ರಾಶಿಯ ಮರೆಗೆ ಎಳೆದು ಎಲ್ಲವನ್ನೂ ಒಪ್ಪಿಸಿದರು.

"ಎಂತ ಭಾವ ಇದು! ದೇವರಿಗೆ ಕೊಟ್ಟದ್ದನ್ನು ವಾಪಸು ಕೇಳಿದ್ರೆ ಮುಂದಿನ ಜನ್ಮದಲ್ಲಿ ಹುಳ ಆಗ್ತೀರಿ," ಎಂದ ಮುಕುಂದ.

"ಎಷ್ಟು ದಿನ ಹುಳ ಆಗಿರ್ಬೇಕು?"

"ಅರುವತ್ತು ಸಾವಿರ ವರ್ಷ."

ಮಾಸ್ಟ್ರು ಮನಸ್ಸಿನಲ್ಲೇ ಲೆಕ್ಕ ಹಾಕುವುದನ್ನು ಕಂಡು ಮುಕುಂದ ಹತ್ತಿರ ಬಾಗಿದ. "ನೀವು ಕೇಳಿದ್ರೆ ಪಾಪ. ದೇವರೇ ವಾಪಸು ಕೊಟ್ರೆ ಪ್ರಸಾದ. ಸ್ವಲ್ಪ ಸುಮ್ಮನಿರಿ, ನೋಡುವ," ಎಂದ.

ಅಷ್ಟರಲ್ಲಿ ಒಳಗಿನಿಂದ ಗದ್ದಲ ಕೇಳಿಸಿತು. ಅಡುಗೆಯ ವಿಶ್ವೇಶ ಭಟ್ಟರಿಗೆ ತಡೆಯಲಾಗದೆ ಅಣ್ಣನ ವಯರು ಸಿಕ್ಕಿಸಿ, ಒಂದು ದಪ್ಪ ಕುಂಬಳಕಾಯಿ ಹಿಡಿದು ನಿಂತಿದ್ದರು. ಮಹಿಳಾ ಸಮಿತಿ ಪೂರ್ತಿ ಸುತ್ತ ನೆರೆದಿತ್ತು. ಸ್ವಿಚ್ಚು ಹಾಕಿದಾಗ ಚಕ್ರ ಭೋರ್ಗರೆದು ತಿರುಗಿತು. ಭಟ್ಟರು ಕುಂಬಳಕಾಯಿಯನ್ನು ಒತ್ತಿದರು.

ವಜ್ರದ ಗರಗಸಕ್ಕೆ ಹಲ್ಲುಗಳಿರುವುದಿಲ್ಲ. ಅದು ಗಟ್ಟಿಯಾದದ್ದನ್ನು ಸವೆಸುತ್ತದೆ, ಮೆತ್ತಗಿನದನ್ನು ಕಂಡರೆ ಅದಕ್ಕೆ ಏನು ಮಾಡಬೇಕೆಂದೇ ತೋಚುವುದಿಲ್ಲ. ಅಣ್ಣ ಕುಂಬಳಕಾಯಿಯ ಬೂದಿಯನ್ನಷ್ಟೇ ಒರೆಸಿತು. ಭಟ್ಟರು ಇನ್ನೂ ಒತ್ತಿದರು. ಕುಂಬಳಕಾಯಿ ಮದುಮಗನಂತೆ ಹೊಳೆಯಿತು, ತುಂಡಾಗಲಿಲ್ಲ. ಮತ್ತೂ ಒತ್ತಲು ಹೋಗಿ ಕಾಯಿ ಜಾರಿ, ಭಟ್ಟರ ತೋರುಬೆರಳು ಸೀದಾ ತಿರುಗುವ ಚಕ್ರದ ಮೇಲೆ ಬಿತ್ತು. ಹೆಂಗಸರು ಕಿರುಚಿ ಕಣ್ಣು ಮುಚ್ಚಿಕೊಂಡರು. ದೀಕ್ಷಿತ್ ಸ್ವಿಚ್ಚು ತೆಗೆದ.

ಭಟ್ಟರು ಬೆರಳೆತ್ತಿ ನೋಡಿದರು. ಒಂದು ಗೀರೂ ಇರಲಿಲ್ಲ. ಉಗುರಿನ ಕೊಳೆ ಮಾತ್ರ ಹೋಗಿತ್ತು.

ಈ ಗಳಿಗೆಯನ್ನು ಮುಕುಂದ ಬಿಡಲಿಲ್ಲ. ಶುದ್ಧ ಪುರೋಹಿತ ಗಾಂಭೀರ್ಯದಿಂದ ಮುಂದೆ ಬಂದು, ದೀಕ್ಷಿತ್‌ನ ಕೈಯಿಂದ ಮೈಕು ತೆಗೆದುಕೊಂಡ. "ಇದು ತರಕಾರಿ ಕತ್ತರಿಸುವ ವಸ್ತು ಅಲ್ಲ. ಕುಂಬಳಕಾಯಿಯನ್ನು ಹಿಂಸೆ ಮಾಡ್ಲಿಲ್ಲ, ಬ್ರಾಹ್ಮಣನ ಬೆರಳನ್ನು ಮುಟ್ಟಿ ಹರಸಿ ಬಿಟ್ಟಿದೆ. ಇದು ಚಕ್ರ! ಗೋಪಾಲಕೃಷ್ಣನ ಕೈಯದ್ದೇ ಒಂದು ಅಂಶ ಅಂತ ನನಗೆ ಕಾಣ್ತದೆ. ಇಲ್ಲಿ ಇನ್ನೊಂದು ಪ್ರತಿಷ್ಠೆಗೆ ಅವಕಾಶ ಇಲ್ಲ. ಆದ್ದರಿಂದ ಸಮರ್ಪಿಸಿದವರ ಮನೆಗೇ ಪ್ರಸಾದರೂಪವಾಗಿ ಮರಳಿ ಕಳಿಸುದು ಯೋಗ್ಯ."

"ಗೋವಿಂದಾ!" ಎಂದಿತು ಮಹಿಳಾ ಸಮಿತಿ. ನೀರಜಾಕ್ಷಿಯವರು ಸೆರಗು ಒಡ್ಡಿ ನಿಂತರು. ಮಾಸ್ಟ್ರು ಮುಕುಂದನ ಕಡೆ ನೋಡಿದರು. ಮುಕುಂದ ಒಂದು ಕಣ್ಣು ಹೊಡೆದ. ಅರ್ಚಕನಾದವನು ಮಾಡಬಾರದ ಕೆಲಸ, ಆದರೆ ಅಕ್ಕನ ಗಂಡನಿಗಾಗಿ ಮಾಡಿದ.

ಆಮೇಲೆ ನಡೆದದ್ದನ್ನು ನೆನೆದರೆ ಮಾಸ್ಟ್ರಿಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಕಪ್ಪಿ ಬೇಕಾಗಲಿಲ್ಲ, ಹಗ್ಗ ಬೇಕಾಗಲಿಲ್ಲ. ಅದೇ ಇಪ್ಪತ್ತು ಸ್ವಯಂಸೇವಕರು ಚೆಂಡೆ ಸಮೇತ ಕೊಡಿಯಾಲ್‌ಬೈಲಿಗೆ ಬಂದು, ಬಿದಿರಿನ ಬೊಂಬಿಗೆ ಕಟ್ಟಿ, "ಗೋವಿಂದಾ ಗೋವಿಂದ" ಎನ್ನುತ್ತ ಇನ್ನೂರ ಅರುವತ್ತು ಕಿಲೋದ ಅಣ್ಣನನ್ನು ಮೆಟ್ಟಿಲ ಮೇಲೆ ಮೂರನೇ ಮಹಡಿಗೆ ಹೊತ್ತರು. ಹಿಂದೆ ಎಂಬತ್ತು ಕಿಲೋದ ತಮ್ಮ. ಅದರ ಹಿಂದೆ ಬಾಳೆಗೊನೆ. ದೇವದಾಸ್ ಕೆಳಗೆ ನಿಂತು, "ನನ್ನ ನಲುವತ್ತು ವರ್ಷದ ಸರ್ವಿಸಿನಲ್ಲಿ ಇಷ್ಟು ಸುಲಭದಲ್ಲಿ ಏರಿದ ಇಂಜಿನ್ ಕಾಣ್ಲಿಲ್ಲ," ಎಂದರು. ಮಾಸ್ಟ್ರು ಕುಣಿಯುವುದೊಂದು ಬಾಕಿ. ಮುಂದೆ ಓಡಿ ಹೋಗಿ ಬಾಲ್ಕನಿಯ ಬಾಗಿಲು ತೆರೆದು, "ಇಲ್ಲಿ, ಇಲ್ಲಿ!" ಎಂದು ಕರೆದರು.

ಇಪ್ಪತ್ತೂ ಜನ ನಿಂತಲ್ಲೇ ನಿಂತು ಅವರನ್ನು ನೋಡಿದರು.

"ಪ್ರಸಾದವನ್ನು ಬಾಲ್ಕನಿಯಲ್ಲಿ ಇಡುದಾ?" ನೀರಜಾಕ್ಷಿಯವರ ಸ್ವರ ಏರಿತು. "ಕಾಗೆ ಕೂತುಕೊಳ್ಳುವ ಜಾಗದಲ್ಲಿ? ಬುದ್ಧಿ ಉಂಟಾ ನಿಮಗೆ?"

ದೇವರ ಕೋಣೆಯ ಬಾಗಿಲು ಕಳಚಲಾಯಿತು. ಅಣ್ಣ ಪೂರ್ವಕ್ಕೆ ಮುಖ ಮಾಡಿ ಕೂತಿತು, ಕೋಣೆಯ ಮುಕ್ಕಾಲು ಭಾಗ ಅದಕ್ಕೇ ಆಯಿತು. ಪಕ್ಕದ ಮಣೆಯ ಮೇಲೆ ತಮ್ಮ. ಪರಂಪರೆಯ ದೇವರುಗಳು ಗೋಡೆಗೆ ಒತ್ತಿಕೊಂಡು ಜಾಗ ಬಿಟ್ಟುಕೊಟ್ಟರು. ಸ್ವಯಂಸೇವಕರು ಶರಬತ್ತು ಕುಡಿದು ಇಳಿದರು. ಅವರೊಂದಿಗೆ ಮುಕುಂದನೂ ಭಾವನ ಕಡೆ ನೋಡದೆ ಇಳಿದ. ಅಣ್ಣನನ್ನು ಇನ್ನು ಒಂದು ಇಂಚು ಸರಿಸಬೇಕಾದರೂ ನಾಲ್ಕು ಜನ ಬೇಕು. ಮನೆಯಲ್ಲಿ ಇದ್ದದ್ದು ಇಬ್ಬರು, ಅದರಲ್ಲಿ ಒಬ್ಬರು ಒಪ್ಪುವವರಲ್ಲ.

ನಿಯಮಗಳು ಒಂದೊಂದಾಗಿ ಜಾರಿಗೆ ಬಂದವು. ಸ್ನಾನವಾಗದೆ ಮುಟ್ಟುವಂತಿಲ್ಲ. ಎರಡು ಹೊತ್ತು ಆರತಿ. ದೊಡ್ಡದು ಮೂಲಮೂರ್ತಿ, ಸಣ್ಣದು ಉತ್ಸವಮೂರ್ತಿ. ಏಕಾದಶಿಯ ದಿನ ಉತ್ಸವಮೂರ್ತಿಯನ್ನು ಗ್ಯಾಸ್ ಸಿಲಿಂಡರಿನ ಚಕ್ರದ ಸ್ಟ್ಯಾಂಡಿನ ಮೇಲಿಟ್ಟು ಮಾಸ್ಟ್ರೂ ದೇವದಾಸೂ ಮೂರನೇ ಮಹಡಿಯ ಕಾರಿಡಾರಿನಲ್ಲಿ, ದೇವಸ್ಥಾನದ ಉತ್ಸವದಂತೆ, ಒಂದು ಸುತ್ತು ಬಲಿ ತರುವುದು. ಎರಡನೇ ಮಹಡಿಯ ಮನ್ವಿತಾ ಪರೀಕ್ಷೆಗೆ ಹೋಗುವ ಮೊದಲು ಬಂದು, ಪ್ರದಕ್ಷಿಣೆಗೆ ಜಾಗವಿಲ್ಲದ್ದರಿಂದ ನಿಂತಲ್ಲೇ ಮೂರು ಸುತ್ತು ತಿರುಗಿ ಹೋದಳು. ಪಾಸಾದಳು ಬೇರೆ. ಮರುದಿನದಿಂದ ಬಾಗಿಲಲ್ಲಿ ಐದಾರು ಜೊತೆ ಚಪ್ಪಲಿ ಕಾಣತೊಡಗಿದವು.

ಮಾಸ್ಟ್ರು ಇದೆಲ್ಲವನ್ನೂ ಸಹಿಸಿದರು. ಆದರೆ ದಿನವೂ ಆ ಮುಚ್ಚಳದ ಮೇಲೆ ಹೂವಿಡುವಾಗ ಕಣ್ಣು ಬಾಲ್ಕನಿಯ ಕಡೆಗೆ ಹೋಗುತ್ತಿತ್ತು. ಗರಗಸ ಮನೆಯೊಳಗಿದೆ, ಕಲ್ಲುಗಳೂ ಮನೆಯೊಳಗಿವೆ, ನಡುವೆ ಒಂದು ಹಾಲ್. ಆ ಹಾಲನ್ನು ದಾಟಿಸುವ ಬಗೆಯನ್ನು ಒಂದು ವಾರ ಯೋಚಿಸಿ, ಒಂದು ದಿನ ಕಾಫಿ ಕುಡಿಯುತ್ತ ಮೆಲ್ಲನೆ ಮಾತು ತೆಗೆದರು.

"ನೀರಜಾ, ಚಕ್ರ ಅಂದ ಮೇಲೆ ತಿರುಗ್ಬೇಕು. ತಿರುಗದ ಚಕ್ರ ಮನೆಗೆ ಒಳ್ಳೆದಲ್ಲ."

"ಹೌದಾ?"

"ಗುರುವಾರ ಗುರುವಾರ ಅರ್ಧ ಗಂಟೆ ತಿರುಗಿಸುವ. ತೊಟ್ಟಿಗೆ ಎಣ್ಣೆ ಹಾಕ್ಬೇಕು. ತೈಲಾಭಿಷೇಕ ಇದ್ದ ಹಾಗೆ."

ನೀರಜಾಕ್ಷಿಯವರು ಸೆರಗನ್ನು ಕಣ್ಣಿಗೊತ್ತಿಕೊಂಡರು. "ನಿಮಗೆ ಇಷ್ಟು ಭಕ್ತಿ ಬಂತಲ್ಲ, ನನಗೆ ಅದೇ ಸಾಕು," ಎಂದು ತಾವೇ ಹೋಗಿ ಎಣ್ಣೆ ತಂದರು. ಅಗೇಟಿನ ಮುಂದೆ ಮಾಸ್ಟ್ರ ಆತ್ಮಸಾಕ್ಷಿ ಎಷ್ಟು ಹೊತ್ತು ನಿಂತೀತು?

ಗುರುವಾರ ಸಂಜೆ ಹೂವಿನ ಬುಟ್ಟಿಯ ತಳದಲ್ಲಿ, ತುಳಸಿಯ ಕೆಳಗೆ, ಬಟಾಟೆಯಷ್ಟು ಗಾತ್ರದ ಕಲ್ಲೊಂದನ್ನು ಅಡಗಿಸಿಕೊಂಡು ಮಾಸ್ಟ್ರು ದೇವರ ಕೋಣೆ ಹೊಕ್ಕರು. ನೀರಜಾಕ್ಷಿಯವರು ಅಡುಗೆಮನೆಯಲ್ಲಿ ಪಂಚಕಜ್ಜಾಯ ಕಲಸುತ್ತಿದ್ದರು. ಮಾಸ್ಟ್ರು ಕಲ್ಲನ್ನು ಅಣ್ಣನ ಹಿಡಿಕೆಯಲ್ಲಿ ಬಿಗಿದು, ಸ್ವಿಚ್ಚು ಹಾಕಿ, ಸದ್ದು ಮುಚ್ಚಲು ಎಡಗೈಯಲ್ಲಿ ಗಂಟೆ ಬಾರಿಸುತ್ತ, ಬಲಗೈಯಲ್ಲಿ ಹಿಡಿಕೆ ತಳ್ಳಿದರು. ಚಕ್ರ ಕಲ್ಲನ್ನು ಮುಟ್ಟಿತು. ಮೂರು ವರ್ಷ ಕಾದ ಸದ್ದು, ಕರ್ರ್ ಎಂಬ ಸದ್ದು, ಕಿವಿಗೆ ಬಿತ್ತು. ಮಾಸ್ಟ್ರು ಕಣ್ಣು ಮುಚ್ಚಿದರು.

"ಅಯ್ಯೋ ಕೃಷ್ಣಾ!"

ತೆರೆದರೆ ಬಾಗಿಲಲ್ಲಿ ಪಂಚಕಜ್ಜಾಯದ ಬಟ್ಟಲು ಹಿಡಿದ ನೀರಜಾಕ್ಷಿ. ಅವರೇ ಒಳಗೆ ಬಂದು ಸ್ವಿಚ್ಚು ತೆಗೆದರು. ಮಾಸ್ಟ್ರು ಬೈಗುಳಕ್ಕೆ ತಲೆ ತಗ್ಗಿಸಿ ನಿಂತರು. ಬೈಗುಳ ಬರಲಿಲ್ಲ. ಎಣ್ಣೆಯಲ್ಲಿ ಮಿಂದು ಕಪ್ಪಗೆ ಮಿರುಗುತ್ತಿದ್ದ ಕಲ್ಲಿನ ನೆತ್ತಿಯಿಂದ ಕೆಳಗೆ ಗರಗಸ ಮುಟ್ಟಿದಲ್ಲಿ ಕೂದಲೆಳೆಯಷ್ಟು ಸಪೂರದ, ನೆಟ್ಟಗಿನ, ಬಿಳಿಯ ಗೆರೆಯೊಂದು ಮೂಡಿತ್ತು. ನೀರಜಾಕ್ಷಿಯವರು ಅದನ್ನೇ ನೋಡುತ್ತಿದ್ದರು.

"ನಾಮ," ಎಂದರು ಪಿಸುದನಿಯಲ್ಲಿ. "ಚಕ್ರ ತಾನಾಗಿ ನಾಮ ಬರೆದಿದೆ ನೋಡಿ!"

"ನೀರಜಾ, ಅದು ನಾನು—"

"ನಿಮ್ಮ ಕೈಯಿಂದ ಮಾಡಿಸಿದ್ದು ದೇವರು. ಸುಮ್ಮನಿರಿ."

ಕಲ್ಲನ್ನು ಹಿಡಿಕೆಯಿಂದ ಬಿಡಿಸಿ, ಹಾಲಿನಲ್ಲಿ ತೊಳೆದು, ಬೆಳ್ಳಿಯ ತಟ್ಟೆಯಲ್ಲಿ ತುಳಸಿ ಹಾಸಿ, ಅಣ್ಣನ ಎದುರಿಗೆ ಕೂರಿಸಲಾಯಿತು. ಕಲ್ಲಿಗೂ ಚಕ್ರಕ್ಕೂ ನಡುವೆ ಒಂದು ಗೇಣು. ಬೇಕಾದರೆ ಮಾಸ್ಟ್ರು ಕೈಚಾಚಿ ಎರಡನ್ನೂ ಒಟ್ಟಿಗೆ ಮುಟ್ಟಬಹುದಿತ್ತು. ನೀರಜಾಕ್ಷಿ ಆರತಿ ಹಚ್ಚಿ ಅವರ ಕೈಗೆ ಕೊಟ್ಟರು. ಮಾಸ್ಟ್ರು ಬೆಳಗಿದರು, ಮೊದಲು ಗರಗಸಕ್ಕೆ, ಆಮೇಲೆ ಕಲ್ಲಿಗೆ. ಗಂಡಹೆಂಡಿರಿಬ್ಬರೂ ಕಣ್ಣು ಮುಚ್ಚಿ ನಿಂತರು.

"ಎಂತ ಬೇಡಿಕೊಂಡ್ರಿ?" ಎಂದರು ನೀರಜಾಕ್ಷಿ, ಕಣ್ಣು ತೆರೆದು.

"ಎಂತ ಇಲ್ಲ."

"ನಾನು ಬೇಡಿಕೊಂಡೆ. ಈ ಕಲ್ಲಿನ ಮೇಲೆ, ಬಾಲ್ಕನಿಯ ಉಳಿದ ಕಲ್ಲುಗಳ ಮೇಲೆ ಸಹ, ಇನ್ನು ಯಾವತ್ತೂ ಒಂದು ಗೀರೂ ಬೀಳದ ಹಾಗೆ ಕಾಪಾಡಪ್ಪಾ ಅಂತ."

ಆ ಪ್ರಾರ್ಥನೆ ಇಂದಿನವರೆಗೂ ತಪ್ಪದೆ ಫಲಿಸುತ್ತಿದೆ.